ಇಟ್ಟರ್ಬಿಯಮ್ ಸಂಯುಕ್ತದ ಕಾಂತತ್ವವನ್ನು ಎನ್‌ಎಂಆರ್ ಕೊಳವೆಯಲ್ಲೇ ಅಳೆಯಿರಿ

ಇಟ್ಟರ್ಬಿಯಮ್‌ನಂಥ ಲ್ಯಾಂಥನೈಡ್ ಲೋಹಗಳ ಕಾಂತತ್ವ ಅಂದ ಕೂಡಲೇ ನಮ್ಮ ಲ್ಯಾಬಿನ ಹುಡುಗರು ಸ್ಕ್ವಿಡ್ ಎಂಬ ಅತಿಸೂಕ್ಷ್ಮ ಕಾಂತಮಾಪಕದ ಸರದಿಗೆ ಕಾಯುತ್ತಾರೆ. ಮೊದಲ ಅಂಕಿಗೆ ಅಷ್ಟು ಕಾಯಬೇಕಿಲ್ಲ. 1959ರಲ್ಲಿ ಡಿ. ಎಫ್. ಇವಾನ್ಸ್ ತೋರಿಸಿಕೊಟ್ಟ ವಿಧಾನಕ್ಕೆ ಸಾಮಾನ್ಯ ಎನ್‌ಎಂಆರ್ (ಪರಮಾಣು ಬೀಜಗಳ ಕಾಂತೀಯ ಅನುರಣನ ಅಳೆಯುವ ಯಂತ್ರ) ಸಾಕು. ಹೊಸಬರ ಕೈಗೆ ನಾನು ಕೊಡುವುದು ಡೆಕಾಮೀಥೈಲ್ ಇಟ್ಟರ್ಬೊಸೀನ್‌ಗೆ (ಎರಡು ಇಂಗಾಲದ ಉಂಗುರಗಳ ನಡುವೆ ಇಟ್ಟರ್ಬಿಯಮ್ ಇರುವ ಅಣು) ಲೋಹಕ್ಕೆ ಅಂಟುವ ಸಾವಯವ ಅಣುವಾದ ಬೈಪಿರಿಡಿನ್ ಸೇರಿಸಿದ ಸಂಯುಕ್ತವನ್ನೇ. ಲೆಕ್ಕ ಸುಲಭ, ಉತ್ತರ ಮಾತ್ರ ಯೋಚನೆಗೆ ಹಚ್ಚುತ್ತದೆ.

ಗಾಳಿ ತಾಗಿದರೆ ಇದು ಕೆಡುತ್ತದೆ. ತೂಗುವುದರಿಂದ ಹಿಡಿದು ಕೊಳವೆ ಮುಚ್ಚುವವರೆಗೆ ಎಲ್ಲವೂ ಗಾಳಿಯಿಲ್ಲದ ಗ್ಲೋವ್‌ಬಾಕ್ಸ್ ಒಳಗೇ ಆಗಲಿ. 12 ಮಿ.ಗ್ರಾಂ ತೂಗಿ, ತೇವ, ಆಮ್ಲಜನಕ ಎರಡನ್ನೂ ತೆಗೆದ ಡ್ಯೂಟರೋಬೆಂಜೀನ್‌ನಲ್ಲಿ ಕರಗಿಸಿ, ವಾಲ್ಯುಮೆಟ್ರಿಕ್ ಫ್ಲಾಸ್ಕ್‌ನಲ್ಲಿ ಸರಿಯಾಗಿ 1 ಮಿ.ಲೀ. ಮಾಡಿ. ಅಣುತೂಕ 600ರ ಆಸುಪಾಸು, ಆದ್ದರಿಂದ ಲೀಟರಿಗೆ 0.02 ಮೋಲ್. ಈ ಹಂತದಲ್ಲಿ ನಾನು ಯಾರಿಗೂ ಆತುರಪಡಲು ಬಿಡುವುದಿಲ್ಲ. ಸಾಂದ್ರತೆ ಶೇ. 5ರಷ್ಟು ತಪ್ಪಿದರೆ ಕಾಂತಗ್ರಾಹ್ಯತೆಯೂ (ಕಾಂತಕ್ಷೇತ್ರಕ್ಕೆ ವಸ್ತು ಎಷ್ಟು ಸ್ಪಂದಿಸುತ್ತದೆ ಎಂಬ ಅಳತೆ) ಅಷ್ಟೇ ತಪ್ಪುತ್ತದೆ, ಮುಂದೆ ಎಲ್ಲೂ ಅದನ್ನು ತಿದ್ದಲಾಗದು.

ದ್ರಾವಣವನ್ನು ಎನ್‌ಎಂಆರ್ ಕೊಳವೆಗೆ ಹಾಕಿ. ಬರೀ ದ್ರಾವಕ ತುಂಬಿ ಮೂತಿ ಮುಚ್ಚಿದ ಕ್ಯಾಪಿಲರಿಯನ್ನು (ಕೂದಲೆಳೆಯಂಥ ಸಣ್ಣ ನಳಿಕೆ) ಅದರೊಳಗೆ ಇಳಿಸಿ, ಟೆಫ್ಲಾನ್ ಬಿರಡೆ ಬಿಗಿಯಿರಿ. ರೋಹಿತದಲ್ಲಿ ಬೆಂಜೀನ್‌ಗೆ ಎರಡು ಶೃಂಗಗಳು ಕಾಣುತ್ತವೆ: ಒಂದು ಕ್ಯಾಪಿಲರಿಯದು, ಇನ್ನೊಂದು ಹೊರಗಿನ ದ್ರಾವಣದ್ದು. ನಮಗೆ ಬೇಕಾದ್ದು ಅವುಗಳ ನಡುವಿನ ಹರ್ಟ್ಸ್ ಅಂತರ. ಯಂತ್ರದಲ್ಲಿ ಕೊಳವೆ ಕೂರುವ ಪ್ರೋಬಿನ ನಿಜವಾದ ತಾಪಮಾನವನ್ನೂ ಗುರುತು ಹಾಕಿಕೊಳ್ಳಿ.

ಅಂತರವನ್ನು 3ರಿಂದ ಗುಣಿಸಿ. ಬಂದದ್ದನ್ನು 4, ಪೈ, ಯಂತ್ರದ ಆವೃತ್ತಿ (ಹರ್ಟ್ಸ್‌ನಲ್ಲಿ), ಸಾಂದ್ರತೆ (ಮಿ.ಲೀ.ಗೆ ಮೋಲ್) ಈ ನಾಲ್ಕರ ಗುಣಲಬ್ಧದಿಂದ ಭಾಗಿಸಿದರೆ ಕಾಂತಗ್ರಾಹ್ಯತೆ ಸಿಗುತ್ತದೆ. ಇದು ಸೂಪರ್‌ಕಂಡಕ್ಟಿಂಗ್ ಅಯಸ್ಕಾಂತದ ಸೂತ್ರ. ಹಳೆಯ ಪುಸ್ತಕಗಳಲ್ಲಿ 4ರ ಜಾಗದಲ್ಲಿ 2 ಇದ್ದರೆ ಅದು ಕಾಂತಕ್ಷೇತ್ರ ಕೊಳವೆಗೆ ಅಡ್ಡಲಾಗಿದ್ದ ಕಾಲದ್ದು. ಪ್ರತಿಕಾಂತೀಯ ತಿದ್ದುಪಡಿಗೆ ಅಣುತೂಕದ ಅರ್ಧವನ್ನು ಹತ್ತು ಲಕ್ಷದಿಂದ ಭಾಗಿಸಿ ಕೂಡಿಸಿ, ಇಲ್ಲಿ 0.0003. ಕೆಲ್ವಿನ್‌ನಲ್ಲಿರುವ ತಾಪಮಾನದಿಂದ ಗುಣಿಸಿ, ವರ್ಗಮೂಲ ತೆಗೆದು, 2.828ರಿಂದ ಗುಣಿಸಿದರೆ ಕಾಂತಭ್ರಾಮಕ ಬೋರ್ ಮ್ಯಾಗ್ನಿಟಾನ್‌ನಲ್ಲಿ ಸಿಗುತ್ತದೆ.

ಈಗ ಉತ್ತರವನ್ನು ಓದಬೇಕು. ಮೂರು ಧನಾವೇಶದ ಇಟ್ಟರ್ಬಿಯಮ್ ಒಂದೇ ಆದರೆ ಸುಮಾರು 4.5. ಅದರ ಜೊತೆ ಬೈಪಿರಿಡಿನ್ ಮೇಲಿನ ಒಂಟಿ ಎಲೆಕ್ಟ್ರಾನ್ ಸ್ವತಂತ್ರವಾಗಿದ್ದರೆ 4.9ರ ಹತ್ತಿರ. ಹಾಗಿದ್ದರೆ 400 ಮೆಗಾಹರ್ಟ್ಸ್ ಯಂತ್ರದಲ್ಲಿ 320 ಹರ್ಟ್ಸ್ ಅಂತರ ಬರಬೇಕು. ಆದರೆ ಕೋಣೆಯ ತಾಪಮಾನದಲ್ಲಿ ಬರುವ ಭ್ರಾಮಕ 4.9ರ ಅರ್ಧದಷ್ಟು, ಅಂತರ ಬರೀ 70 ಹರ್ಟ್ಸ್ ಆಸುಪಾಸು! ಹೊಸಬರು ಮಾದರಿ ಕೆಟ್ಟಿತೆಂದು ಚೆಲ್ಲಲು ಹೊರಡುತ್ತಾರೆ. ಚೆಲ್ಲಬೇಡಿ, ಅದೇ ದ್ರಾವಣವನ್ನು ಸಮೀಪ-ಅವಕೆಂಪು ರೋಹಿತಕ್ಕೆ ಹಾಕಿ. ಬೈಪಿರಿಡಿನ್ ರ್‍ಯಾಡಿಕಲ್‌ನ ಪಟ್ಟಿಗಳು ಕಾಣುತ್ತವೆ. ಎಲೆಕ್ಟ್ರಾನ್ ಲೋಹದಿಂದ ದಾಟಿದ್ದು ನಿಜ, ಆದರೆ ಪೂರ್ತಿ ದಾಟಿಲ್ಲ. ಇಟ್ಟರ್ಬಿಯಮ್‌ನ 4ಎಫ್ ಕಕ್ಷಕಗಳಲ್ಲಿ 13 ಎಲೆಕ್ಟ್ರಾನ್ ಇರುವ ಸ್ಥಿತಿ, 14 ಇರುವ ಕಾಂತರಹಿತ ಸ್ಥಿತಿ ಎರಡೂ ಒಂದೇ ಅಣುವಿನಲ್ಲಿ ಕ್ವಾಂಟಮ್ ರೀತಿಯಲ್ಲಿ ಬೆರೆತಿವೆ. ಭ್ರಾಮಕ ಕುಗ್ಗಿದ್ದು ಅದರಿಂದಲೇ. ನಾನು ಈ ಸಂಯುಕ್ತವನ್ನು ಇಷ್ಟು ಹಚ್ಚಿಕೊಂಡಿರುವುದೂ ಇದಕ್ಕೇ.

ಬೆರಕೆಯ ಪ್ರಮಾಣ ಬೇಕಾದರೆ ಎಕ್ಸ್-ಕಿರಣ ಹೀರಿಕೆಯ ಎಲ್3 ಅಂಚನ್ನು ನೋಡಬೇಕು. ಇಟ್ಟರ್ಬಿಯಮ್‌ಗೆ ಅದು 8.94 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಬಳಿ ಇದೆ. ಎರಡು ವೇಲೆನ್ಸಿಗಳ (14 ಎಲೆಕ್ಟ್ರಾನ್, 13 ಎಲೆಕ್ಟ್ರಾನ್ ಸ್ಥಿತಿಗಳ) ಶೃಂಗಗಳು ಅಲ್ಲಿ ಬಿಡಿಯಾಗಿ ಕಾಣುತ್ತವೆ. ನಮ್ಮಲ್ಲಿ ಇಂಥ ಪ್ರಯೋಗಕ್ಕೆ ಇಂದೋರ್‌ನ ಇಂಡಸ್-2 ಎಂಬ ಸಿಂಕ್ರೊಟ್ರಾನ್ (ತೀವ್ರ ಎಕ್ಸ್-ಕಿರಣ ಕೊಡುವ ಯಂತ್ರ) ಇದೆ. ಸಮಯ ಕೇಳಿ ಅರ್ಜಿ ಹಾಕುವಾಗಲೇ ಮಾದರಿ ಗಾಳಿ ತಾಳದ್ದೆಂದು ಬರೆದುಬಿಡಿ, ಮುಚ್ಚಿದ ಕೋಶದ ಏರ್ಪಾಡು ಅವರೊಡನೆ ಮೊದಲೇ ಮಾತಾಡಿಕೊಳ್ಳಿ.