ಹಳೇ ಮಂಗಳೂರಿನ ಫೋಟೋ ಹುಡುಕುವವರಿಗೆ

ಸ್ವಿಟ್ಜರ್ಲೆಂಡ್‌ನ ಕ್ರೈಸ್ತ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರ ಹಳೇ ಫೋಟೋಗಳು ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡಿಜಿಟಲ್ ಲೈಬ್ರರಿಯಲ್ಲಿವೆ. ಮನೆಯಲ್ಲೇ ಕೂತು ನೋಡಬಹುದು.

ಆದರೆ ಹುಡುಕುವಾಗ ಈಗಿನ ಹೆಸರು ಹಾಕಿದರೆ ಸುಮ್ನೆ ನಿರಾಶೆ. ಆಗಿನವರು ಬರೆದಂತೆ ಇಂಗ್ಲಿಷ್ ಅಕ್ಷರದಲ್ಲಿ ಹಾಕಿ: ಮ್ಯಾಂಗಲೋರ್, ಧಾರ್ವಾರ್, ಮಡಿಕೇರಿಗೆ ಮರ್ಕಾರಾ. ಕನ್ನಡ ಅಂದರೆ ‘ಕ್ಯಾನರೀಸ್’! ಮಿಷನ್‌ನ ಎಷ್ಟೋ ದಾಖಲೆ ಜರ್ಮನ್‌ನಲ್ಲಿವೆ, ಹಾಗಾಗಿ ಜರ್ಮನ್ ಕಾಗುಣಿತವನ್ನೂ ಒಮ್ಮೆ ನೋಡಿ. ಊರು ಸಿಗದಿದ್ದರೆ ಕಸುಬು ಹಾಕಿ. ನೇಯ್ಗೆ, ಹಂಚಿನ ಕಾರ್ಖಾನೆ, ಶಾಲೆ, ಹೀಗೆ. ನನಗೆ ಜಾಸ್ತಿ ಸಿಕ್ಕಿದ್ದು ಈ ದಾರಿಯಲ್ಲೇ.

ಇಷ್ಟವಾದ ಚಿತ್ರದ ಸಂಖ್ಯೆಯನ್ನು ಆಗಲೇ ಬರೆದಿಟ್ಟುಕೊಳ್ಳಿ. ಸ್ಕ್ರೀನ್‌ಶಾಟ್ ಮಾತ್ರ ಇದ್ದರೆ ಪ್ರಬಂಧದಲ್ಲಿ ಆಕರ ಕೊಡುವಾಗ ಪರದಾಟ. ಅಚ್ಚು ಹಾಕಿಸುವುದಾದರೆ ಮೊದಲು ಅನುಮತಿ ಕೇಳಿ. ಅಂದಹಾಗೆ, ತೆಗೆದವರು ಮಿಷನರಿಗಳು. ಅವರಿಗೆ ಬೇಕಾದ್ದನ್ನೇ ತೆಗೆದಿರುತ್ತಾರೆ, ಅಲ್ವಾ?