ಟ್ರಾಕ್ಷನ್‌ಗಿಂತ ಡಿಎಸ್ ಸಾಕೋದೇ ಅಗ್ಗ: ನನ್ನ ಅನುಭವ

ಸಿಟ್ರೋಯೆನ್ ಕಂಪನಿಯ ಹಳೇ ಕಾರು ಡಿಎಸ್ ತಗೋತೀನಿ ಅಂದಾಗ ಫ್ರಾನ್ಸಿನ ತುಲೂಸ್‌ನಲ್ಲಿ ನನಗೆ ಗೊತ್ತಿರೋ ಹಳೇ ಕಾರಿನವರದ್ದೆಲ್ಲ ಒಂದೇ ರಾಗ, ಅದರ ಹೈಡ್ರಾಲಿಕ್ಸ್ (ಎಣ್ಣೆ ಒತ್ತಡದಲ್ಲಿ ಸಸ್ಪೆನ್ಷನ್, ಬ್ರೇಕ್ ನಡೆಸೋ ವ್ಯವಸ್ಥೆ) ನಿನ್ನ ಜೇಬು ತೊಳೆಯುತ್ತೆ, ಅದಕ್ಕಿಂತ ಹಳೇ ಸಿಟ್ರೋಯೆನ್ ಟ್ರಾಕ್ಷನ್ ಇದೆಯಲ್ಲ ಅದನ್ನೇ ಇಟ್ಕೋ ಅಂತ. ಈಗ ಗ್ಯಾರೇಜಲ್ಲಿ ಎರಡೂ ಇವೆ, 1953ರ ಟ್ರಾಕ್ಷನ್ 11 ಬಿಎಲ್ ಮತ್ತೆ 1972ರ ಡಿ ಸೂಪರ್ ಅನ್ನೋ ಡಿಎಸ್. ಖರ್ಚು ನೋಡಿದ್ರೆ ಡಿಎಸ್‌ಗೆ ಹೋಗಿರೋದು ಟ್ರಾಕ್ಷನ್‌ದರಲ್ಲಿ ಅರ್ಧಾನೂ ಇಲ್ಲ.

ಪಲ್ಲಾಸ್ ಅನ್ನೋ ಐಷಾರಾಮಿ ಡಿಎಸ್‌ನ ಲೆದರ್ ಸೀಟಿಗೆ ಮರುಳಾಗಿ ಸೆಮಿ ಆಟೋಮ್ಯಾಟಿಕ್ ತಗೊಂಡ್ರೆ ಈ ಲೆಕ್ಕ ನಿಲ್ಲಲ್ಲ, ಮ್ಯಾನ್ಯುಯಲ್ ಗೇರಿನ ಗಾಡಿನೇ ಬೇಕು, ಅದೂ 1966ರ ಕೊನೆಗೆ ಬಂದ ಎಲ್‌ಎಚ್‌ಎಂ ಅನ್ನೋ ಹಸಿರು ಹೈಡ್ರಾಲಿಕ್ ಎಣ್ಣೇದು, ಯಾಕಂದ್ರೆ ಹಳೇ ಕೆಂಪು ಎಣ್ಣೆ ಗಾಳೀಲಿರೋ ತೇವ ಎಳ್ಕೊಂಡು ಒಳಗಿಂದಾನೇ ತುಕ್ಕು ಹಿಡಿಸುತ್ತೆ. 1955ರ ಮೊದಲ ಡಿಎಸ್‌ಗಳ 1911 ಸಿಸಿ ಎಂಜಿನ್ ಟ್ರಾಕ್ಷನ್ ವಂಶದ್ದೇ, ಎರಡೂ ಗಾಡಿ ಹಿಂದೆ ಇದ್ದೋರೂ ಅದೇ ಎಂಜಿನಿಯರ್ ಲೆಫೆವ್ರ್, ಅದೇ ಡಿಸೈನರ್ ಬೆರ್ತೋನಿ. ಆ ಮೊದಲ ಡಿಎಸ್‌ಗಳು ಕಲೆಕ್ಷನ್‌ಗೆ ಚೆನ್ನ, ಆದ್ರೆ ಎರಡು ಕಾಲದ ತಾಪತ್ರಯಾನೂ ಒಂದೇ ಗಾಡೀಲಿ ಸಿಗುತ್ತೆ.

ಡಿಎಸ್ ನೋಡೋಕೆ ಹೋದಾಗ ಹಿಂದಿನ ಮಡ್‌ಗಾರ್ಡ್ ಬಿಚ್ಚಲೇಬೇಕು. ಒಂದೇ ಬೋಲ್ಟು, ಎರಡು ನಿಮಿಷದ ಕೆಲಸ. ಒಂದು ಗಾಡಿ ಪೇಂಟು ಕನ್ನಡಿ ಥರ ಹೊಳೀತಿತ್ತು, ಮಡ್‌ಗಾರ್ಡ್ ತೆಗೆದ್ರೆ ಬಾಗಿಲ ಕೆಳಗಿನ ಬಾಕ್ಸ್ ಸೆಕ್ಷನ್ ಮುಗಿಯೋ ಜಾಗದಲ್ಲಿ ಬರೀ ಪುಟ್ಟಿ, ಬೆರಳಲ್ಲಿ ಒತ್ತಿದ್ರೆ ಉದುರ್ತು. ಬಿಚ್ಚೋಕೆ ಬಿಡಲ್ಲ ಅಂದೋರ ಹತ್ರ ರೇಟೇ ಕೇಳಿಲ್ಲ.

ಆಮೇಲೆ ಎಂಜಿನ್ ಐಡಲ್‌ನಲ್ಲಿ ಬಿಟ್ಟು ಹೈಡ್ರಾಲಿಕ್ ಒತ್ತಡ ಕಾಯೋ ರೆಗ್ಯುಲೇಟರ್ 'ಟಿಕ್' ಅನ್ನೋದನ್ನ ಕೇಳ್ಬೇಕು. ನನ್ನ ಗಾಡೀದು ಮೂರ್ನಾಲ್ಕು ಸೆಕೆಂಡಿಗೊಂದ್ಸಲ ಬಡೀತಿತ್ತು, ಮುಂಚೆ ನೋಡ್ಕೊಂಡು ಹೋದೋರೆಲ್ಲ ಪಂಪ್ ಹೋಗಿದೆ ಅಂತ ಹೆದರಿಸಿದ್ರಂತೆ, ಮಾರೋರೂ ಅದನ್ನೇ ನಂಬಿ ಸಾವಿರದೈನೂರು ಯೂರೋ ಇಳಿಸಿದ್ರು, ಹದಿಮೂರು ಸಾವಿರದ ಆಸುಪಾಸಿಗೆ ಮುಗೀತು. ಹೋಗಿದ್ದು ಮೇನ್ ಅಕ್ಯುಮುಲೇಟರ್ ಸ್ಫಿಯರ್ (ಒತ್ತಡ ಕೂಡಿಡೋ ಲೋಹದ ಗುಂಡು) ಒಳಗಿನ ನೈಟ್ರೋಜನ್ ಅಷ್ಟೆ! ಐವತ್ತು ಯೂರೋ ಒಳಗೆ ಬೇರೆ ಹಾಕಿದೆ, ಈಗ ಅರ್ಧ ನಿಮಿಷದ ಮೇಲೇ ಟಿಕ್ ಅನ್ನುತ್ತೆ. ಪಂಪಾ ಸ್ಫಿಯರಾ ಅಂತ ಅಲ್ಲೇ ನಿಂತು ಕಂಡುಹಿಡಿಯೋಕೆ ನಂದೊಂದು ಉಪಾಯ ಇದೆ, ಅದನ್ನ ಮಾತ್ರ ಹೇಳಲ್ಲ, ಇನ್ನೊಂದು ಗಾಡಿ ಮೇಲೆ ಕಣ್ಣಿದೆ.

ಟ್ರಾಕ್ಷನ್ ಸರಳ ಅನ್ನೋರು ಅದರ ಗೇರ್‌ಬಾಕ್ಸ್ ಬಿಚ್ಚಿಲ್ಲ ಅಂತ್ಲೇ ನನ್ನ ಲೆಕ್ಕ. ಮೂರೇ ಗೇರು, ಚಕ್ರಗಳಿಗೆ ಶಕ್ತಿ ಕಳಿಸೋ ಹಲ್ಲುಚಕ್ರದ ಜೋಡಿ, ಅಂದ್ರೆ ಕ್ರೌನ್ ವೀಲ್ ಪಿನಿಯನ್, ಸೂಕ್ಷ್ಮ. ಒಂದು ಗ್ಯಾರೇಜಿಗೆ ಮೂರು ಸಾವಿರ ಯೂರೋ ಹತ್ರ ಕೊಟ್ಟು ಮಾಡಿಸಿದ್ದು, ಸೆಕೆಂಡ್ ಗೇರಲ್ಲಿ ಕುಯ್ಯೋ ಅಂತಾನೇ ವಾಪಸ್ ಬಂತು, ಮತ್ತೆ ಇಳಿಸಿ ನಾನೇ ಶಿಮ್ (ಸಂದು ಸರಿಮಾಡೋ ತೆಳು ಬಿಲ್ಲೆ) ಹಾಕಿ ಕೂರಿಸಿದೆ, ಈಗ ಸದ್ದಿಲ್ಲ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಕಟಕಟ ಅಂದ್ರೆ ಡ್ರೈವ್‌ಶಾಫ್ಟ್ ಜಾಯಿಂಟಿಗೂ ದುಡ್ಡು ತೆಗೆದಿಡಿ. ಬ್ರೇಕ್ ಡ್ರಮ್ ತೆಗೆಯೋಕೆ ಸರಿಯಾದ ಪುಲ್ಲರ್ ಇಲ್ಲದೆ ಕೈ ಹಾಕ್ಬೇಡಿ. 400 ಎಂಎಂ ರಿಮ್‌ಗೆ ಮಿಶೆಲಿನ್ ಟೈರು ಒಂದೊಂದು ಇನ್ನೂರು ಯೂರೋ ಮೇಲೇ.

ಮಧ್ಯೆ ಒಂದು ಪ್ರಯೋಗ ಮಾಡ್ದೆ. ಎಲ್ರೂ ಟ್ರಾಕ್ಷನ್ನ 12 ವೋಲ್ಟಿಗೆ ಬದಲಾಯಿಸು ಅಂದ್ರು, ನಾನು 6 ವೋಲ್ಟೇ ಬಿಟ್ಟು ಬ್ಯಾಟರಿ ಕೇಬಲ್, ಅರ್ತ್ ಕೇಬಲ್ ಎರಡೂ ದಪ್ಪದ್ದು ಹಾಕಿದೆ. ಜನವರಿ ಚಳೀಲೂ ಮೊದಲ ಎಳೆತಕ್ಕೇ ಸ್ಟಾರ್ಟ್.

ಟ್ರಾಕ್ಷನ್‌ಗಿರೋ ಒಂದು ಲಾಭ ಒಪ್ತೀನಿ: ಕಲೆಕ್ಷನ್ ಕಾರ್ಡ್ (ಹಳೇ ಕಾರಿಗೆ ಕೊಡೋ ವಿಶೇಷ ನೋಂದಣಿ) ಇದ್ದು 1960ಕ್ಕಿಂತ ಮುಂಚಿನ ಗಾಡಿ ಆದ್ರೆ ಫ್ರಾನ್ಸಲ್ಲಿ ಕಂಟ್ರೋಲ್ ಟೆಕ್ನಿಕ್ ಅನ್ನೋ ಕಡ್ಡಾಯ ತಪಾಸಣೆ ಬೇಕಿಲ್ಲ, ನನ್ನ 1972ರ ಡಿಎಸ್‌ಗೆ ಐದು ವರ್ಷಕ್ಕೊಮ್ಮೆ ಮಾಡಿಸ್ಬೇಕು. ನಂದು ಹೋದ್ಸಲ ಒಂದೇ ಏಟಿಗೆ ಪಾಸ್ ಆಯ್ತು.