ಕಂತು ಹಳತಾಗಲಿ, ಆಮೇಲೆ ಕೇಳೋಣ

ನಾನು ಅನುವಾದಕ. ಯಂತ್ರಗಳ ಕೈಪಿಡಿ, ವಿಮೆಯ ಅರ್ಜಿ, ಔಷಧದ ಡಬ್ಬಿಯೊಳಗಿನ ಚೀಟಿ ಇಂಥವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದು ಹೊಟ್ಟೆ ಹೊರೆದುಕೊಳ್ಳುತ್ತೇನೆ. ಈ ಕಸುಬಿಗೆ ಬಂಡವಾಳವೆಂದರೆ ಪದಪಟ್ಟಿ. ‘ಪ್ರೀಮಿಯಂ’ ಅನ್ನು ಯಾವ ಗಿರಾಕಿಗೆ ‘ವಿಮಾ ಕಂತು’ ಎಂದು ಬರೆದೆ, ಯಾವ ಗಿರಾಕಿಗೆ ಹಾಗೆಯೇ ಬಿಟ್ಟೆ ಎಂಬ ನೆನಪೆಲ್ಲ ಅದರಲ್ಲಿದೆ. ಹನ್ನೆರಡು ವರ್ಷ ಕೂಡಿಟ್ಟ ಆ ಪಟ್ಟಿ ಇದುವರೆಗೆ ಆ್ಯಪಿನಿಂದ ಆ್ಯಪಿಗೆ ಐದು ಸಲ ಮನೆ ಬದಲಿಸಿದೆ. ಅದರಲ್ಲಿ ನಾಲ್ಕು ಸಲ ಕಾರಣ, ನಾನು ಪಾತ್ರೆ ತೊಳೆಯುವಾಗ ಕಿವಿಯಲ್ಲಿ ಮಾತನಾಡುತ್ತಿದ್ದ ಯಾರೋ ಅಮೆರಿಕದವರು.

ತಂತ್ರಜ್ಞಾನದ ಪಾಡ್‌ಕಾಸ್ಟ್‌ಗಳ ಚಟ ನನಗೆ ಹಳೆಯದು. ಅಂತರಜಾಲದಲ್ಲಿ ಕಂತು ಕಂತಾಗಿ ಬರುವ ಮಾತಿನ ಕಾರ್ಯಕ್ರಮಗಳು ಅವು. 2009ರಲ್ಲಿ ಶುರುವಾದ ‘ಮ್ಯಾಕ್ ಪವರ್ ಯೂಸರ್ಸ್’, 2015ರಲ್ಲಿ ಬಂದ ‘ಕಾರ್ಟೆಕ್ಸ್’, ಅಂಥವೇ ಇನ್ನೊಂದಷ್ಟು. ‘ಕಾರ್ಟೆಕ್ಸ್’ನಲ್ಲಿ ‘ಸ್ಟೇಟ್ ಆಫ್ ದಿ ಆ್ಯಪ್ಸ್’ ಎಂಬ ವಾರ್ಷಿಕ ಕಂತೇ ಇದೆ: ಈ ವರ್ಷ ಯಾರು ಯಾವ ಆ್ಯಪ್ ಹಿಡಿದರು, ಯಾವುದನ್ನು ಬಿಟ್ಟರು ಎಂಬ ಲೆಕ್ಕ ಒಪ್ಪಿಸುವುದು. ಯುಗಾದಿಯ ಪಂಚಾಂಗ ಶ್ರವಣಕ್ಕೆ ಕುಳಿತಷ್ಟೇ ಶ್ರದ್ಧೆಯಿಂದ ಅದನ್ನು ಕೇಳುತ್ತಿದ್ದೆ. ಬರೆದದ್ದನ್ನು ಓದುವಾಗ ನನಗೆ ತಕರಾರು ಹುಟ್ಟುತ್ತದೆ, ಇದು ನನಗೇಕೆ ಎಂದು ಪುಟ ಮುಚ್ಚುತ್ತೇನೆ. ವರ್ಷಗಟ್ಟಲೆ ಕಿವಿಯೊಳಗಿದ್ದ ದನಿಯೊಂದು ‘ನನಗಂತೂ ಇದು ತುಂಬಾ ಹಿಡಿಸಿತು’ ಎಂದಾಗ ಆ ತಕರಾರು ಬರುವುದೇ ಇಲ್ಲ. ಪಕ್ಕದ ಮನೆಯ ಗೆಳೆಯ ಹೇಳಿದಂತಿರುತ್ತದೆ.

ಮೊದಲು ಸೋತದ್ದು ಮನೆಯ ಸಾಮಾನಿನ ಚೀಟಿ. ಹೆಂಡತಿಯೂ ನಾನೂ ಹಂಚಿಕೊಂಡಿದ್ದ ಆ ಪಟ್ಟಿಯನ್ನು ಒಂದೇ ವರ್ಷದಲ್ಲಿ ಮೂರು ಆ್ಯಪ್‌ಗೆ ಸಾಗಿಸಿದೆ. ಮೂರನೆಯ ಸಲ ಅವಳು ಅಂಗಡಿಯಿಂದ ಫೋನ್ ಮಾಡಿ, “ರೀ, ಈ ವಾರ ಚೀಟಿ ಯಾವುದರಲ್ಲಿದೆ?” ಎಂದಳು. ಮರುದಿನದಿಂದ ಉದ್ದಿನಬೇಳೆ, ಸೋಪು ಎಲ್ಲವೂ ಅಡುಗೆಮನೆಯ ಕ್ಯಾಲೆಂಡರಿನ ಅಂಚಿಗೆ, ಹಾಲಿನ ಲೆಕ್ಕದ ಪಕ್ಕಕ್ಕೆ ಬಂದು ಕುಳಿತವು.

ಪದಪಟ್ಟಿಗೆ ಬಿದ್ದ ಪೆಟ್ಟು ನಗುವಂಥದ್ದಲ್ಲ. ನಾಲ್ಕನೆಯ ಸಾಗಣೆ ಮುಗಿದು ಎರಡು ವಾರವಾಗಿತ್ತು. ತುರ್ತು ಕೆಲಸವೊಂದರ ನಡುವೆ ‘ಸಾಫ್ಟ್‌ವೇರ್’ ಎಂದು ಹುಡುಕಿದೆ. ಒಂದೂ ಸಿಗಲಿಲ್ಲ. ನೂರಾರು ಕಡೆ ಇರುವ ಪದ! ಕೈಯಿಂದಲೇ ಪಟ್ಟಿ ಸರಿಸುತ್ತಾ ಹೋದರೆ ಎಲ್ಲ ಕಡೆ ‘ಸಾಫ್ಟ್ವೇರ್’ ಎಂದಿತ್ತು, ‘ವ’ ಅಕ್ಷರ ‘ಟ’ದ ಕೆಳಗೆ ಒತ್ತಾಗಿ ನೇತಾಡುತ್ತಿತ್ತು. ಕನ್ನಡದಲ್ಲಿ ಇಂಥ ಪದ ಬರೆಯುವಾಗ ‘ಟ್’ ಮತ್ತು ‘ವೇ’ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಇರುತ್ತದೆ. ಅಗಲವೇ ಇಲ್ಲದ ಆ ಗುರುತು ಅಕ್ಷರಗಳು ಒತ್ತಾಗಿ ಅಂಟಿಕೊಳ್ಳದಂತೆ ತಡೆಯುತ್ತದೆ. ಹೊಸ ಆ್ಯಪ್ ನನ್ನ ಟಿಪ್ಪಣಿಗಳನ್ನು ಒಳಗೆ ಕರೆದುಕೊಳ್ಳುವಾಗ ಅದನ್ನು ಕಸವೆಂದು ಬಗೆದು ಗುಡಿಸಿಹಾಕಿತ್ತು. ಹಾರ್ಡ್‌ವೇರ್, ಪಾಸ್‌ವರ್ಡ್, ನೆಟ್‌ವರ್ಕ್, ಎಲ್ಲಕ್ಕೂ ಅದೇ ಗತಿ. ಹಳೆಯ ಆ್ಯಪಿನ ಚಂದಾ ಅಷ್ಟರಲ್ಲಿ ಮುಗಿದಿತ್ತು. ಹನ್ನೊಂದು ದಿನ ರಾತ್ರಿ ಕುಳಿತು ಒಂದೊಂದೇ ಸರಿಪಡಿಸಿದೆ.

ಆ್ಯಪನ್ನು ಹೊಗಳಿದವರು ಸುಳ್ಳು ಹೇಳಿರಲಿಲ್ಲ. ಅವರ ಟಿಪ್ಪಣಿಗಳಲ್ಲಿ ಆ ಗುರುತೇ ಇಲ್ಲ, ಹಾಗಾಗಿ ಅದು ಕಳೆದುಹೋಗುವ ಪ್ರಶ್ನೆಯೂ ಇಲ್ಲ. ಅವರು ಒಂದು ತಿಂಗಳು ಒರೆಗೆ ಹಚ್ಚಿ ನೋಡಿದರೂ ನನ್ನ ತೊಂದರೆ ಅವರ ಕಣ್ಣಿಗೆ ಬೀಳುವುದಿಲ್ಲ.

ಆ ಹನ್ನೊಂದು ರಾತ್ರಿಗಳಲ್ಲೂ ಪಾಡ್‌ಕಾಸ್ಟ್ ಕೇಳುತ್ತಲೇ ಇದ್ದೆ (ಚಟವೆಂದೆನಲ್ಲ). ಆಗ ಒಂದು ಸಂಗತಿ ಗಮನಕ್ಕೆ ಬಂತು. ಕೆಲಸದ ಪಟ್ಟಿಗೆ ಓಮ್ನಿಫೋಕಸ್‌ನಿಂದ ಥಿಂಗ್ಸ್‌ಗೆ, ಅಲ್ಲಿಂದ ಟುಡೂಇಸ್ಟ್‌ಗೆ, ಸುತ್ತಿ ಬಳಸಿ ಆ್ಯಪಲ್‌ನ ರಿಮೈಂಡರ್ಸ್‌ಗೆ ಎಂದು ಓಡಾಡುವ ಇದೇ ಜನ ದನಿ ಸಂಕಲನದ ತಂತ್ರಾಂಶವನ್ನು ಅಷ್ಟು ಸಲೀಸಾಗಿ ಬದಲಿಸುವುದಿಲ್ಲ. ಲಾಜಿಕ್ ಪ್ರೊಗೆ ಕೈ ಪಳಗಿದವನು ಅದರ ಕಿರಿಕಿರಿಯನ್ನು ಬೈದುಕೊಳ್ಳುತ್ತಲೇ ವರ್ಷಾನುಗಟ್ಟಲೆ ಅದರಲ್ಲೇ ಕೆಲಸ ಮಾಡುತ್ತಾನೆ. ಪ್ರತಿ ವಾರ ಕಂತು ಹೊರಬೀಳಬೇಕು, ಅನ್ನ ಹುಟ್ಟುವುದು ಅಲ್ಲಿಂದ. ಟಿಪ್ಪಣಿಯ ಆ್ಯಪ್ ಬದಲಿಸುವುದಾದರೋ ಅವರಿಗೆ ನಷ್ಟವಲ್ಲ, ಒಂದು ಗಂಟೆಯ ಮಾತಿಗೆ ಸರಕು. ಅವರು ಯಾವುದನ್ನು ಮುಟ್ಟುವುದಿಲ್ಲವೋ ಅದರ ಜಾಗದಲ್ಲಿ ನನ್ನ ಬದುಕಿನಲ್ಲಿರುವುದು ಪದಪಟ್ಟಿ. ನಾನು ಅದನ್ನೇ ಹೊತ್ತುಕೊಂಡು ಅವರ ಟಿಪ್ಪಣಿ ಆ್ಯಪ್‌ಗಳ ಹಿಂದೆ ಓಡಿದ್ದೆ.

ಕೇಳುವುದನ್ನು ಬಿಡಲಾಗಲಿಲ್ಲ, ಬಿಡುವ ಮನಸ್ಸೂ ಇರಲಿಲ್ಲ. ಅದಕ್ಕೆ ಒಂದು ಉಪಾಯ ಮಾಡಿದೆ: ಆರು ತಿಂಗಳು ತಡವಾಗಿ ಕೇಳುವುದು. ಹೊಸ ಕಂತು ತಾನಾಗಿ ಇಳಿಯುವುದನ್ನು ನಿಲ್ಲಿಸಿ, ಪಟ್ಟಿಯಲ್ಲಿ ಅರ್ಧ ವರ್ಷ ಹಿಂದಕ್ಕೆ ಹೋಗಿ ಅಲ್ಲಿಂದ ಒಂದೊಂದಾಗಿ ಕೇಳತೊಡಗಿದೆ. ಹಾಸ್ಯ, ಹರಟೆ ಯಾವುದೂ ಕೆಡುವುದಿಲ್ಲ. ಹೊಸ ಆ್ಯಪಿನ ಗುಣಗಾನ ಮಾತ್ರ ಸೊರಗುತ್ತದೆ. ನಿರೂಪಕರೊಬ್ಬರು ‘ಇನ್ನು ಇದನ್ನು ಬಿಟ್ಟು ಹೋಗುವ ಪ್ರಶ್ನೆಯೇ ಇಲ್ಲ’ ಎಂದ ಕಂತನ್ನು ಸೋಮವಾರ ಕೇಳಿದೆ. ಆಸೆ ತಡೆಯದೆ ಮುಂದಿನ ಕಂತುಗಳ ಶೀರ್ಷಿಕೆ ಮೇಲೆ ಕಣ್ಣಾಡಿಸಿದರೆ, ಒಂಬತ್ತನೆಯ ಕಂತಿಗಾಗಲೇ ಬೇರೆ ಆ್ಯಪಿನ ಹೆಸರು. ಬಂದದ್ದಕ್ಕೆ ಒಂದು ಗಂಟೆಯ ಮಾತಿತ್ತು, ಹೋದದ್ದಕ್ಕೆ ಎರಡು ವಾಕ್ಯ.

ಕೆಲವು ಬದಲಾವಣೆ ನಮ್ಮ ಕೈಯಲ್ಲಿರುವುದಿಲ್ಲ, ನಿಜ. ಕೆಲಸದ ಪಟ್ಟಿಯ ಆ್ಯಪ್ ಆಗಿದ್ದ ವಂಡರ್‌ಲಿಸ್ಟ್ ಅನ್ನು 2015ರಲ್ಲಿ ಕೊಂಡ ಮೈಕ್ರೋಸಾಫ್ಟ್ 2020ರ ಮೇ ತಿಂಗಳಲ್ಲಿ ಅದನ್ನು ಮುಚ್ಚಿತು. ಎವರ್‌ನೋಟ್ 2023ರ ಕೊನೆಯಲ್ಲಿ ಉಚಿತ ಖಾತೆಗೆ 50 ಟಿಪ್ಪಣಿಗಳ ಮಿತಿ ಹಾಕಿತು. 2024ರಲ್ಲಿ ಗೂಗಲ್ ಪಾಡ್‌ಕಾಸ್ಟ್ಸ್ ನಿಂತಾಗ ನಾನೂ ಗಂಟುಮೂಟೆ ಕಟ್ಟಿದವನೇ. ಆದರೆ ಆ ಸಾಗಣೆ ಹತ್ತು ನಿಮಿಷದ ಕೆಲಸವಾಗಿತ್ತು. ಚಂದಾದಾರಿಕೆಗಳ ಪಟ್ಟಿ ಓಪಿಎಂಎಲ್ ಎಂಬ ಸರಳ ಕಡತವಾಗಿ ಹೊರಬರುತ್ತದೆ, ಬೇರೆ ಆ್ಯಪ್‌ಗಳೂ ಅದನ್ನು ಓದುತ್ತವೆ. ಪದಪಟ್ಟಿಗೂ ಹಾಗೊಂದು ದಾರಿ ಬೇಕೆನಿಸಿದ್ದು ಆಗಲೇ. ಈಗ ಅದು ನನ್ನ ಕಂಪ್ಯೂಟರಿನ ಒಂದು ಕಡತಕೋಶದಲ್ಲಿ, ಯಾವ ಅಲಂಕಾರವೂ ಇಲ್ಲದ ಪಠ್ಯ ಕಡತಗಳಾಗಿ ಕುಳಿತಿದೆ. ಅಬ್ಸಿಡಿಯನ್‌ನಲ್ಲಿ ತೆರೆಯುತ್ತೇನೆ, ಆ ಆ್ಯಪ್ ನಾಳೆ ಇಲ್ಲವಾದರೂ ಕಡತಗಳು ಇದ್ದಲ್ಲೇ ಇರುತ್ತವೆ. ಇದು ಐದನೆಯ ಸಾಗಣೆ.

ಹೊಸದನ್ನು ನೋಡಲೇಬೇಕೆಂಬ ತುರಿಕೆ ಹತ್ತಿದರೆ, ಇಡೀ ಪಟ್ಟಿಯನ್ನಲ್ಲ, ಇಪ್ಪತ್ತು ನಮೂದುಗಳನ್ನು ಮಾತ್ರ ಕಳುಹಿಸುತ್ತೇನೆ. ‘ಸಾಫ್ಟ್‌ವೇರ್’ ಮೊದಲನೆಯದು. ಎರಡನೆಯದು ‘ಊರ’ ಎಂದು ಹುಡುಕುವುದು. ‘ಊರು’, ‘ಊರಿನಲ್ಲಿ’, ‘ಊರಿಗೆ’ ಎಲ್ಲವೂ ಎದ್ದು ಬರಬೇಕು. ಕೆಲವು ಆ್ಯಪ್‌ಗಳಲ್ಲಿ ಬರುವುದಿಲ್ಲ. ವಿಭಕ್ತಿಯ ಗೊಡವೆಯಿಲ್ಲದ ಭಾಷೆಯವರಿಗೆ ಇದೊಂದು ಪರೀಕ್ಷೆ ಎಂದೇ ಹೊಳೆಯಲಿಕ್ಕಿಲ್ಲ. ಕೊನೆಗೆ, ಹಾಕಿದ ಇಪ್ಪತ್ತನ್ನೂ ಹೊರತೆಗೆದು ಮೂಲದೊಂದಿಗೆ ತಾಳೆ ನೋಡುತ್ತೇನೆ.

ಕಳೆದ ತಿಂಗಳೂ ಒಂದನ್ನು ತಂದೆ. ಕಂತು ಅರ್ಧ ವರ್ಷ ಹಳೆಯದಾಗಿದ್ದರೂ ತಡೆಯಲಾಗಲಿಲ್ಲ. ಅಷ್ಟು ಚೆನ್ನಾಗಿ ಹೇಳಿದ್ದರು. ಬಣ್ಣ, ಅಕ್ಷರ ಎಲ್ಲ ಕಣ್ಣಿಗೆ ಹಬ್ಬ. ‘ಸಾಫ್ಟ್‌ವೇರ್’ ಗೆದ್ದಿತು. ‘ಊರ’ ಎಂದು ಹುಡುಕಿದೆ, ಖಾಲಿ ಪರದೆ ಬಂತು. ಅಳಿಸುತ್ತಿರುವಾಗ ಹೆಂಡತಿ ಇಣುಕಿ ನೋಡಿ, “ಚೀಟಿಯನ್ನು ಮಾತ್ರ ಮುಟ್ಟಬೇಡಿ” ಎಂದು ಹೇಳಿ ಹೋದಳು.